ಮಾಯ್ದ ಏಟು

ಬೆಳಿಗ್ಗೆ ಎಂಟೂ ಹತ್ತಕ್ಕೆ ಬಿದ್ದ ಏಟು ಒಂಬತ್ತು ಗಂಟೆಗೆಲ್ಲ ಕಾಣದಾಯಿತು. ಡಾ. ನೀಲಾಂಬಿಕೆ ಮುದೇನೂರು ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಿದ್ದಳು. ಪ್ರೊಪೆಲ್ಲರ್ ಅಲಗಿನ ಮುಂದಂಚಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಸೀಳು. ಮೊದಲು ಅದರ ತುಟಿಗಳು ಬಿಸಿಲಿಗೆ ಮೆತ್ತಗಾದವು, ಆಮೇಲೆ ಒಂದನ್ನೊಂದು ತಾಗಿದವು. ನಲವತ್ತನೆಯ ನಿಮಿಷಕ್ಕೆ ಕೂದಲೆಳೆಯಂಥ ಗೆರೆಯೊಂದು ಉಳಿದಿತ್ತು. ಐವತ್ತನೆಯ ನಿಮಿಷಕ್ಕೆ ಅದೂ ಇರಲಿಲ್ಲ. ಎದ್ದು ಹೋಗಿ ಉಗುರಿನಿಂದ ಎಳೆದು ನೋಡಿದಳು. ಹೊಸ ಗಾಜಿನಂತೆ ನುಣುಪಾಗಿತ್ತು.

ಹನ್ನೆರಡು ವರ್ಷದ ಕೆಲಸ ಅದು. ಕಾಗದಪತ್ರಗಳಲ್ಲಿ ಅದರ ಹೆಸರು ‘ಸ್ವಯಂಪೂರಕ ಲೇಪ’. ವಿಮಾನ ಕಟ್ಟುವವರು ಮಾತ್ರ ಅದನ್ನು ‘ಹೆಪ್ಪು’ ಎಂದೇ ಕರೆಯುತ್ತಿದ್ದರು. ಅರ್ಧ ಮಿಲಿಮೀಟರ್ ದಪ್ಪದ, ರಬ್ಬರಿನಂಥ ಪದರ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು ಕೋಟಿಗಟ್ಟಲೆ. ಕಲ್ಲು ಬಡಿದಲ್ಲಿ ಗುಳಿಗೆ ಒಡೆದು ಅಂಟು ಸೋರುತ್ತದೆ, ಬಿಸಿಲಿಗೆ ಗಟ್ಟಿಯಾಗುತ್ತದೆ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟುವ ರೀತಿಯೇ. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ನೀಲಾಂಬಿಕೆಗೆ ಅದು ಒಪ್ಪಿಗೆಯಾಗಿತ್ತು.

ಅಲಗಿಗೆ ಇಂಥದೊಂದು ಚರ್ಮ ಏಕೆ ಬೇಕು ಎಂಬುದಕ್ಕೆ ಕೆಲವು ಅಂಕಿಗಳು ಸಾಕು. ಮನೆಯ ಶೆಡ್ಡಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನದ ಪ್ರೊಪೆಲ್ಲರ್ ನಿಮಿಷಕ್ಕೆ ಎರಡು ಸಾವಿರದ ನಾನೂರು ಸುತ್ತು ಸುತ್ತುತ್ತದೆ. ತುದಿಯ ವೇಗ ಗಂಟೆಗೆ ಏಳುನೂರೈವತ್ತು ಕಿಲೋಮೀಟರ್ ದಾಟುತ್ತದೆ. ನಾಲ್ಕು ಕಿಲೋ ತೂಗುವ ಅಲಗನ್ನು ಬುಡದಿಂದ ಕಿತ್ತೆಸೆಯಲು ನೋಡುವ ಎಳೆತ ಸುಮಾರು ಹತ್ತು ಟನ್. ಇಷ್ಟು ಎಳೆತದಲ್ಲಿರುವ ಅಲ್ಯೂಮಿನಿಯಂಗೆ ಒಂದು ಸಣ್ಣ ಕಚ್ಚು ಬಿದ್ದರೆ, ಅದು ಬಟ್ಟೆಯ ಅಂಚಿಗೆ ಕತ್ತರಿ ತಾಗಿಸಿದ ಹಾಗೆ. ಮುಂದೆ ಹರಿಯಲು ಹೊಸ ಬಲ ಬೇಕಿಲ್ಲ, ಸಮಯ ಸಾಕು. ಲೋಹ ಹೀಗೆ ಒಳಗೊಳಗೇ ಬಿರಿಯುತ್ತ ಹೋಗುವುದಕ್ಕೆ ಎಂಜಿನಿಯರುಗಳು ‘ಲೋಹದ ದಣಿವು’ ಎನ್ನುತ್ತಾರೆ.

ಇದೆಲ್ಲ ನಡೆದದ್ದು ಕೆಂಪುಮಡ್ಡಿಯಲ್ಲಿ. ಸಂಡೂರಿನ ಆಚೆ ಗಣಿಗಳು ಮುಚ್ಚಿದ ಮೇಲೆ, ಅದಿರು ರಾಶಿ ಹಾಕುತ್ತಿದ್ದ ಬಯಲೊಂದನ್ನು ಮಟ್ಟ ಮಾಡಿ ಒಂಬೈನೂರು ಮೀಟರಿನ ರನ್‌ವೇ ಎಳೆದಿದ್ದರು. ೨೦೫೬ರ ಹೊತ್ತಿಗೆ ತಾವೇ ವಿಮಾನ ಕಟ್ಟಿಕೊಳ್ಳುವವರು ರಾಜ್ಯದಲ್ಲಿ ಆರುನೂರಕ್ಕೂ ಹೆಚ್ಚಾಗಿದ್ದರು. ಅವರ ಪರೀಕ್ಷಾ ಹಾರಾಟಕ್ಕೆ ಬಿಟ್ಟುಕೊಟ್ಟ ಬಯಲುಗಳಲ್ಲಿ ಇದೂ ಒಂದು. ನಿಯಮ ಸರಳವಾಗಿತ್ತು: ಹೊಸ ವಿಮಾನ ಊರುಗಳಿಲ್ಲದ ಬಯಲಿನ ಮೇಲೆ ನಲವತ್ತು ತಾಸು, ಕಟ್ಟಿದವರೊಬ್ಬರನ್ನೇ ಹೊತ್ತು ಹಾರಬೇಕು. ಆಮೇಲಷ್ಟೇ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದು. ಕೆಂಪುಮಡ್ಡಿಯ ತೊಂದರೆ ಇದ್ದದ್ದು ನೆಲದಲ್ಲಿ. ಎಷ್ಟು ಗುಡಿಸಿದರೂ ಅದಿರಿನ ಹರಳು ಮೇಲೇಳುತ್ತಿತ್ತು. ಒಂದೊಂದು ಹರಳೂ ಅದೇ ಗಾತ್ರದ ಮಾಮೂಲಿ ಕಲ್ಲಿನ ಎರಡರಷ್ಟು ತೂಕ.

ಅಂದು ಏಟು ತಿಂದ ವಿಮಾನದ ಹೆಸರು ಗೀಜಗ. ಕಟ್ಟಿದವಳು ತಾರಾ ನಾಯ್ಕ, ಅಲ್ಲೇ ಗುಡ್ಡದ ಕೆಳಗಿನ ತಾಂಡಾದವಳು. ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು, ಸ್ವಂತ ಶೆಡ್ಡಿನಲ್ಲಿ ಆರು ವರ್ಷ ಕೂತು ಇದನ್ನು ಕಟ್ಟಿದ್ದಳು. ಮೋಟರು, ಪ್ರೊಪೆಲ್ಲರ್ ಎರಡೂ ಹಿಂದೆ. ಹೀಗಾಗಿ ಚಕ್ರ ಎಬ್ಬಿಸಿದ ಹರಳೆಲ್ಲ ನೇರ ಅಲಗಿಗೇ ಬಡಿಯುತ್ತಿತ್ತು. ಅವಳ ತಾಯಿ ಹರೆಯದಲ್ಲಿ ಇದೇ ಬಯಲಿನ ಸುತ್ತ ಅದಿರು ಅಗೆದು ಆರಿಸುವ ಕೂಲಿ ಮಾಡಿದವಳು. ತಾನು ಅಗೆದ ಗುಂಡಿ ಮೇಲಿನಿಂದ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕೆಂಬುದು ಆಕೆಯ ಆಸೆ. ನಲವತ್ತೊಂದನೆಯ ತಾಸು ಆಕೆಗೆಂದು ತಾರಾ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ಹೆಪ್ಪು ಬರುವ ಮುಂಚೆ ಅಲಗು ಕಾಯಲು ತಾರಾ ಮಾಡುತ್ತಿದ್ದ ವ್ರತಗಳು ಒಂದೆರಡಲ್ಲ. ಹಾರುವ ಮುಂಚೆ ರನ್‌ವೇಯ ಮೊದಲ ಇನ್ನೂರು ಮೀಟರನ್ನು ತಾನೇ ಪೊರಕೆ ಹಿಡಿದು ಗುಡಿಸುವುದು. ಮೋಟರನ್ನು ನಿಂತಲ್ಲೇ ಜೋರು ಮಾಡದೆ ನಿಧಾನ ಉರುಳಿಸುತ್ತ ವೇಗ ಏರಿಸುವುದು. ಚಕ್ರದ ಹಿಂದೆ ಬಸ್ಸಿನ ಮಡ್‌ಗಾರ್ಡಿನ ರಬ್ಬರು ಕಟ್ಟುವುದು. ಮೋಟರು ಪರೀಕ್ಷೆಗೆ ಕೆಳಗೆ ತಾಡಪಾಲು ಹಾಸುವುದು. ಎಲ್ಲ ಮುಗಿದ ಮೇಲೆ ಹುಸೇನಸಾಬ್ ಬರುತ್ತಿದ್ದ.

ಹುಸೇನಸಾಬ್ ಪಿಂಜಾರ ಕೆಂಪುಮಡ್ಡಿಯ ಪರವಾನಗಿ ಪಡೆದ ಅಲಗು ಪರೀಕ್ಷಕ. ಅವನ ಹಿರಿಯರು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು, ಇವನು ಆ ಹತ್ತಿಯನ್ನೇ ವಿಮಾನಕ್ಕೆ ತಂದಿದ್ದ. ಜೇಬಿನಿಂದ ಹತ್ತಿಯ ಎಸಳೊಂದನ್ನು ತೆಗೆದು ಅಲಗಿನ ಅಂಚಿನುದ್ದಕ್ಕೂ, ಬುಡದಿಂದ ತುದಿಯವರೆಗೆ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಏಟು. ಕಣ್ಣಿಗೆ ಕಾಣದ್ದು, ಬೆರಳಿಗೆ ಸಿಗದ್ದು ಹತ್ತಿಗೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿದ ಮೇಲೇ ವಿಮಾನ ಏಳುತ್ತಿದ್ದುದು.

ಹೆಪ್ಪು ಬಳಿದ ಮೊದಲ ವಾರ ಅವನ ಹತ್ತಿ ಎಲ್ಲೂ ಹಿಡಿಯಲಿಲ್ಲ. ತಾರಾಳಿಗೆ ಅದೊಂದು ತಮಾಷೆ.

“ಕಾಕಾ, ಇನ್ನ ಆ ಹತ್ತಿ ಗಾದಿಗೆ ತುಂಬ್ರಿ. ಇಮಾನಕ್ಕ ಅದರ ಕೆಲಸ ಮುಗೀತು.”

“ಗಾದಿಯೊಳಗ ಕಡ್ಡಿ ಉಳಿದ್ರ ಒಂದು ರಾತ್ರಿ ನಿದ್ದಿ ಕೆಡತೈತಿ ತಾರವ್ವ,” ಎಂದ ಅವನು. “ಇಲ್ಲಿ ಉಳಿದ್ರ ಏನ್ ಕೆಡತೈತಿ ಅನ್ನೋದು ನಿನಗ ಗೊತ್ತೈತಿ.”

ಅವನು ನೀಲಾಂಬಿಕೆಯ ಹತ್ತಿರವೂ ಬಂದು ಒಂದು ಮಾತು ಕೇಳಿದ. ಲೇಪ ಕೂಡಿಕೊಳ್ಳುವುದೇನೋ ಸರಿ, ಆದರೆ ಹರಳು ಲೇಪ ದಾಟಿ ಒಳಗಿನ ಲೋಹಕ್ಕೇ ತಾಗಿದ್ದರೆ? ಲೋಹ ತಾನಾಗಿ ಕೂಡುವುದಿಲ್ಲವಲ್ಲ. ಮೇಲಿನ ಚರ್ಮ ಮುಚ್ಚಿಕೊಂಡರೆ ಒಳಗಿನದು ತಿಳಿಯುವುದು ಹೇಗೆ?

“ಕಲಿ ಉಳಿಯೋ ಹಂಗ ಮಾಡ್ರಿ ಮೇಡಮ್ಮೋರ,” ಎಂದ. “ನಮ್ಮ ಮೈಯಾಗ ನೋಡ್ರಿ, ಗಾಯ ಮಾಯ್ದ್ರೂ ಕಲಿ ಉಳಿತೈತಿ. ಆ ಕಲಿ ನೋಡಿ ಇಲ್ಲಿ ಏನೋ ಆಗಿತ್ತು ಅಂತ ಗೊತ್ತಾಕ್ಕೈತಿ.”

ಕಲಿ ಎಂದರೆ ಕಲೆ, ಗಾಯದ ಗುರುತು. ನೀಲಾಂಬಿಕೆ ಅದನ್ನು ತಳ್ಳಿಹಾಕಲಿಲ್ಲ. ಗುಳಿಗೆಯೊಳಗೆ ನೀಲಿ ಬಣ್ಣ ಸೇರಿಸಿ ನಾಲ್ಕು ತಿಂಗಳು ಪ್ರಯೋಗ ಮಾಡಿದಳು. ಏಟು ಬಿದ್ದಲ್ಲೆಲ್ಲ ನೀಲಿ ಗೆರೆ ಚೆನ್ನಾಗಿಯೇ ಮೂಡಿತು, ಆದರೆ ಅಂಟಿನ ಬಿಗಿ ನೂರಕ್ಕೆ ಆರರಷ್ಟು ತಗ್ಗಿತು. ಲೇಪ ತಯಾರಿಸಲು ಮುಂದೆ ಬಂದಿದ್ದ ಕಂಪನಿಗೆ ಆ ಆರಕ್ಕಿಂತ ನೀಲಿಯೇ ದೊಡ್ಡ ತಲೆನೋವಾಯಿತು. ಮೈತುಂಬ ಬರೆ ಎದ್ದ ವಿಮಾನ ಯಾರಿಗೆ ಬೇಕು ಎಂದರು. ಅವಳು ಒಂದು ನಡುದಾರಿ ಹುಡುಕಿದಳು. ಕಲೆ ಅಲಗಿನ ಮೇಲೇ ಏಕಿರಬೇಕು, ದಾಖಲೆಯಲ್ಲಿ ಇದ್ದರಾಯಿತು. ಏಟು ಬಿದ್ದ ಗಳಿಗೆಯಲ್ಲೇ ಪರೀಕ್ಷಕ ಜಾಗ ಗುರುತಿಸಿ ದಾಖಲಿಸಬೇಕು. ಹತ್ತು ತಾಸಿಗೊಮ್ಮೆ, ದಾಖಲೆಯಲ್ಲಿರುವ ಜಾಗಗಳಲ್ಲಿ ಮಾತ್ರ ಲೇಪ ಕೆರೆದು ಒಳಗಿನ ಲೋಹ ನೋಡಬೇಕು. ದಾಖಲೆಯಲ್ಲಿಲ್ಲದ ಕಡೆ ಕೆರೆದರೆ ಲೇಪದ ಪರೀಕ್ಷೆಯೇ ಕೆಡುತ್ತದೆ, ನಲವತ್ತು ತಾಸು ಮತ್ತೆ ಸೊನ್ನೆಯಿಂದ. ಎಲ್ಲರೂ ಒಪ್ಪಿದರು. ಹುಸೇನಸಾಬ್ ಮಾತ್ರ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ದಾಖಲೆ ಎಂದರೆ ಆ ಹೊತ್ತಿಗೆ ಪುಸ್ತಕವಾಗಿರಲಿಲ್ಲ. ಹೇಳಿದ್ದನ್ನು ಕೇಳಿ ತಾನೇ ಬರೆದುಕೊಳ್ಳುವ ಯಂತ್ರವೊಂದು ಎಲ್ಲ ಕಚೇರಿಗಳಿಗೂ ಬಂದಿತ್ತು. ಕೆಂಪುಮಡ್ಡಿಯಲ್ಲಿ ಅದನ್ನು ‘ಕರಣಿಕ’ ಎನ್ನುತ್ತಿದ್ದರು. ಯಾವ ಸೀಮೆಯ ಮಾತಿನಲ್ಲಿ ಹೇಳಿದರೂ ಅದು ಬರಹದ ಕನ್ನಡಕ್ಕೆ ತಿರುಗಿಸಿ, ನಮೂನೆಯ ಯಾವ ಮನೆಗೆ ಸೇರಬೇಕೋ ಆ ಮನೆಗೆ ಹಾಕುತ್ತಿತ್ತು. ಕೇಳಿದ ಧ್ವನಿಯನ್ನು ಮೂವತ್ತು ದಿನ ಇಟ್ಟುಕೊಂಡು ಅಳಿಸುತ್ತಿತ್ತು. ಹುಸೇನಸಾಬನಿಗೆ ಓದಲು ಬರುತ್ತಿತ್ತು, ಆದರೆ ಕನ್ನಡಕ ಹಾಕಿಕೊಂಡು ಪರದೆ ನೋಡುವ ರೂಢಿ ಅವನಿಗಿರಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳುವುದು ಕರಣಿಕನ ಕೆಲಸ ಎಂದು ನಂಬಿದ್ದ.

ಹದಿನೈದನೆಯ ತಾಸಿನ ಹೊತ್ತಿಗೆ ತಾರಾಳ ವ್ರತಗಳು ಒಂದೊಂದಾಗಿ ಬಿಟ್ಟುಹೋದವು. ಪೊರಕೆ ಶೆಡ್ಡಿನ ಮೂಲೆ ಸೇರಿತು. ತಾಡಪಾಲಿನ ಮೇಲೆ ಯಾರೋ ಶೇಂಗಾ ಒಣಹಾಕಿದರು. ಮೋಟರನ್ನು ನಿಂತಲ್ಲೇ ಪೂರ್ತಿ ಜೋರು ಮಾಡಿ ಬಾಣ ಬಿಟ್ಟಂತೆ ಏಳತೊಡಗಿದಳು. ತಪ್ಪು ಅವಳೊಬ್ಬಳದೇ ಅಲ್ಲ. ಪರೀಕ್ಷೆಗೆಂದು ಹೆಪ್ಪು ಬಳಿದಿದ್ದ ಹತ್ತು ವಿಮಾನಗಳಲ್ಲಿ ಉಳಿದ ಒಂಬತ್ತರವರೂ ಬೇರೆ ಬೇರೆ ಬಯಲುಗಳಲ್ಲಿ ಹಾಗೆಯೇ ಮಾಡುತ್ತಿದ್ದರು. ನೀಲಾಂಬಿಕೆಯೂ ಅದನ್ನು ತನ್ನ ಲೇಪದ ಮೇಲಿನ ನಂಬಿಕೆ ಎಂದೇ ತಿಳಿದು ಒಳಗೊಳಗೆ ಹಿಗ್ಗಿದಳು.

ಇಪ್ಪತ್ತೇಳನೆಯ ತಾಸು ಮುಗಿಸಿ ಇಳಿಯುವಾಗ ಟಪ್ ಎಂದು ಸದ್ದಾಯಿತು. ತಾರಾ ಕೆಳಗಿಳಿದು ನೋಡಿದಳು: ಬುಡದಲ್ಲಿ ‘ಬಲ’ ಎಂದು ಗುರುತು ಬರೆದ ಅಲಗು, ತುದಿಯಿಂದ ಒಂದು ಗೇಣು ಒಳಗೆ. ಅಷ್ಟರಲ್ಲಿ ಗಾಳಿ ಬೀಸಿ ಮಣ್ಣು ಎದ್ದಿತೆಂದು ವಿಮಾನವನ್ನು ಶೆಡ್ಡಿಗೆ ಎಳೆದರು. ಹುಸೇನಸಾಬ್ ಮಧ್ಯಾಹ್ನದ ನಮಾಜು ಮುಗಿಸಿ ಬರುವ ಹೊತ್ತಿಗೆ ತಗಡಿನ ಶೆಡ್ಡಿನ ಕಾವಿಗೆ ಸೀಳು ಮುಚ್ಚಿಕೊಂಡಿತ್ತು. ಅವನು ತಾರಾ ತೋರಿಸಿದ ಜಾಗದ ಮೇಲೆ ಹತ್ತಿ ಎಳೆದ. ಹಿಡಿಯಲಿಲ್ಲ. ಮತ್ತೊಮ್ಮೆ ಎಳೆದ. ಕೊನೆಗೆ ಕರಣಿಕನಿಗೆ ಹೇಳಿದ:

“ಬಲ ಅಲಗು, ತುದಿಯಿಂದ ಒಂದು ಗೇಣು. ಏಟು ಮಾಯ್ದೈತಿ.”

ಮೂವತ್ತನೆಯ ತಾಸಿಗೆ ಕೆರೆದು ನೋಡುವ ಸರದಿ ಬಂತು. ಕರಣಿಕ ಪಟ್ಟಿ ಕೊಟ್ಟಿತು: ಎಡ ಅಲಗಿನಲ್ಲಿ ಎರಡು ಜಾಗ. ಬಲ ಅಲಗಿನಲ್ಲಿ ಯಾವುದೂ ಇಲ್ಲ. ಹುಸೇನಸಾಬ್ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡು, ತಾನು ಬಲದ್ದನ್ನೂ ಹೇಳಿದ್ದೆ ಎಂದ. ಕೆರೆಯೋಣವೆಂದರೆ ಪಟ್ಟಿಯಲ್ಲಿಲ್ಲದ ಜಾಗ. ಮೂವತ್ತು ತಾಸು ನೀರಿನಲ್ಲಿ ಹೋಮ. ತಾರಾ ನೀಲಾಂಬಿಕೆಗೆ ಫೋನು ಹಚ್ಚಿದಳು.

ಆ ಕರೆ ಬಂದಾಗ ನೀಲಾಂಬಿಕೆ ಲೇಪಕ್ಕೆ ಒಪ್ಪಿಗೆ ಕೊಡುವ ಸಮಿತಿಗೆ ಕಳಿಸುವ ವರದಿಯನ್ನು ತಿದ್ದುತ್ತ ಕುಳಿತಿದ್ದಳು. ಒಂಬತ್ತು ವಿಮಾನಗಳ ನಲವತ್ತು ತಾಸು ಆಗಲೇ ಮುಗಿದಿತ್ತು. ಉಳಿದದ್ದು ಗೀಜಗ ಒಂದೇ. ಸಮಿತಿ ತಿಂಗಳ ಕೊನೆಗೆ ಸೇರುವುದಿತ್ತು, ಅದು ತಪ್ಪಿದರೆ ಮತ್ತೆ ಮುಂದಿನ ವರ್ಷ. ಅವಳು ಪರದೆಯ ಮೇಲೆ ಗೀಜಗದ ದಾಖಲೆ ತೆರೆದಳು. ಇಪ್ಪತ್ತೇಳನೆಯ ತಾಸು, ಬಲ ಅಲಗು. ಎದುರಿಗೆ: ‘ಏಟು — ಇಲ್ಲ.’

“ಮೇಡಂ, ನನ್ನ ಕಣ್ಣಾರೆ ನೋಡೀನಿ,” ಎಂದಳು ತಾರಾ. “ಅಲ್ಲಿ ಬಡದಿತ್ತು.”

“ಬಡಿದಿರಬಹುದು ತಾರಾ. ಲೋಹಕ್ಕೆ ತಾಗಿಲ್ಲ ಅಂತ ಕಾಣುತ್ತೆ. ಹುಸೇನಸಾಬರೇ ನೋಡಿ ಇಲ್ಲ ಅಂತ ಬರೆಸಿದ್ದಾರಲ್ಲ.”

ತಾರಾ ಫೋನನ್ನು ತುಸು ದೂರ ಹಿಡಿದು, “ಕಾಕಾ, ನೀವ ಇಲ್ಲ ಅಂತ ಬರಸೀರಂತ,” ಎನ್ನುವುದು ಕೇಳಿಸಿತು. ಹುಸೇನಸಾಬ್ ಏನಂದನೋ ತಿಳಿಯಲಿಲ್ಲ. ತಾರಾ ಮತ್ತೆ ಬಂದು, ಕಾಕಾಗೆ ವಯಸ್ಸಾತು ಮೇಡಂ, ಹೇಳಿದ್ದೊಂದು ನೆನಪಿರೋದೊಂದು ಎಂದು ನಕ್ಕಳು. ನೀಲಾಂಬಿಕೆಯೂ ನಕ್ಕಳು. ಇನ್ನು ಹತ್ತೇ ತಾಸು ಎಂದು ಇಬ್ಬರೂ ಸಮಾಧಾನ ಹೇಳಿಕೊಂಡರು.

ಮೂವತ್ತೆಂಟನೆಯ ತಾಸು ದಾಟಿ ಇಪ್ಪತ್ತು ನಿಮಿಷಕ್ಕೆ, ನೆಲದಿಂದ ಮುನ್ನೂರು ಮೀಟರ್ ಎತ್ತರದಲ್ಲಿ, ಬಲ ಅಲಗಿನ ತುದಿ ಒಂದು ಗೇಣಿನಷ್ಟು ಮುರಿದು ಹಾರಿತು. ಮುರಿದ ತುಂಡು ಅರ್ಧ ಕಿಲೋ ತೂಗುತ್ತಿತ್ತು. ಅದಿಲ್ಲದ ಪ್ರೊಪೆಲ್ಲರ್ ಸುತ್ತುಸುತ್ತಿಗೂ ಮೋಟರನ್ನು ಎರಡೂವರೆ ಟನ್ ಬಲದಿಂದ ಅತ್ತಿತ್ತ ಜಗ್ಗಿತು. ಮೂರು ಸೆಕೆಂಡಿನಲ್ಲಿ ಮೋಟರು ಬುಡಸಹಿತ ಕಿತ್ತುಬಂತು. ಹಿಂದಿನ ಭಾರ ಹೋದ ಗೀಜಗ ಮೂಗು ಕೆಳಗೆ ಮಾಡಿ ಹಳೆಯ ಗಣಿಗುಂಡಿಯೊಂದರ ಅಂಚಿಗೆ ಬಿತ್ತು. ತಾರಾಳ ತಾಯಿ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವಳು ಅದನ್ನು ನೋಡಿದಳು. ಮಗಳು ಬಿದ್ದು ಸತ್ತ ಗುಂಡಿ ತಾವೇ ಅಗೆದದ್ದು ಎಂದು ಗುರುತು ಹಿಡಿದವಳೂ ಅವಳೇ.

ಮುರಿದ ತುಂಡು ಸಿಕ್ಕಿದ್ದು ಮೂರು ದಿನದ ಮೇಲೆ, ಜಾಲಿ ಪೊದೆಯೊಂದರ ಬುಡದಲ್ಲಿ. ನೀಲಾಂಬಿಕೆ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಮೂರು ದಿನದ ಬಿಸಿಲಿಗೆ ಹೆಪ್ಪು ತನ್ನ ಕೆಲಸ ಮಾಡಿತ್ತು. ಮುರಿದ ಮುಖದ ಮೇಲೂ ಹರಿದು, ಅಂಚೆಲ್ಲ ಮುಚ್ಚಿ, ನುಣ್ಣಗಾಗಿತ್ತು. ತುಂಡು ಮುರಿದದ್ದಲ್ಲ, ಹಾಗೆಯೇ ಎರಕ ಹೊಯ್ದದ್ದು ಎನ್ನುವಂತಿತ್ತು.

ಪ್ರಯೋಗಾಲಯದಲ್ಲಿ ಅವಳೇ ಅದನ್ನು ದ್ರಾವಣದಲ್ಲಿ ನೆನೆಸಿ ಲೇಪ ತೆಗೆದಳು. ಕೆಳಗಿನ ಲೋಹ ಎಲ್ಲವನ್ನೂ ಇಟ್ಟುಕೊಂಡಿತ್ತು. ಅಂಚಿನಲ್ಲಿ ಸಾಸಿವೆಯ ಅರ್ಧದಷ್ಟು ಕಚ್ಚು. ಅಲ್ಲಿಂದ ಒಳಕ್ಕೆ, ಕೆರೆಯ ನೀರು ಇಳಿದಂತೆ ದಂಡೆಯಲ್ಲಿ ಉಳಿಯುವ ಗೆರೆಗಳ ಹಾಗೆ, ಒಂದರ ಹಿಂದೊಂದು ಬಿರುಕಿನ ಗೆರೆಗಳು. ಒಂದು ತಾಸಿನ ಹಾರಾಟಕ್ಕೊಂದು ಗೆರೆ. ಎಣಿಸಿದಳು, ಹನ್ನೊಂದು. ಹಿಂದಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೇಳನೆಯ ತಾಸು. ಬಲ ಅಲಗು, ತುದಿಯಿಂದ ಒಂದು ಗೇಣು.

ಅವಳು ಕೆಂಪುಮಡ್ಡಿಗೆ ಹೋಗಿ ಹುಸೇನಸಾಬನನ್ನು ನೇರವಾಗಿ ಕೇಳಿದಳು, ಅಂದು ಏನು ಬರೆಸಿದಿರಿ ಎಂದು. ಅವನಿಗೆ ಸಿಟ್ಟಿರಲಿಲ್ಲ. ಆ ದಿನದಿಂದ ಅದನ್ನೇ ನೂರು ಸಲ ಹೇಳಿಕೊಂಡಿದ್ದವನಂತೆ ಹೇಳಿದ: “ಏಟು ಮಾಯ್ದೈತಿ ಅಂದೆ.”

ನೀಲಾಂಬಿಕೆ ರಾಣೆಬೆನ್ನೂರಿನ ಕಡೆಯವಳು. ಮೊಣಕಾಲು ತರಚಿಕೊಂಡು ಬಂದಾಗಲೆಲ್ಲ ಅವಳ ಅವ್ವ ಅರಿಶಿನ ಒತ್ತಿ, ನಾಕ ದಿನಕ್ಕ ಮಾಯ್ತದ ಬಿಡು ಎನ್ನುತ್ತಿದ್ದಳು. ಗಾಯ ಮಾಯುವುದೆಂದರೆ ವಾಸಿಯಾಗುವುದು. ಗಾಯ ಆಗಿತ್ತು, ಮೇಲೆ ಚರ್ಮ ಬಂದಿದೆ ಎಂದರ್ಥ. ಇಲ್ಲವೇ ಇಲ್ಲ ಎಂದಲ್ಲ. ಹುಸೇನಸಾಬ್ ಆಡಿದ್ದು ಅವಳ ಲೇಪದ ಬಗ್ಗೆ ಯಾರೂ ಆಡದಷ್ಟು ಕರಾರುವಾಕ್ಕಾದ ಮಾತು. ಕರಣಿಕ ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿತ್ತು: ‘ಏಟು ಮಾಯವಾಗಿದೆ.’ ಮಾಯವಾದದ್ದು ಇಲ್ಲದ್ದೇ ತಾನೇ? ನಮೂನೆಯಲ್ಲಿ ಇದ್ದದ್ದು ಎರಡೇ ಮನೆ, ‘ಇದೆ’ ಮತ್ತು ‘ಇಲ್ಲ’. ಅದು ‘ಇಲ್ಲ’ದ ಮನೆಗೆ ಹೋಗಿ ಕೂತಿತು.

ಎಡ ಅಲಗಿನ ಎರಡು ಏಟುಗಳು ಪಟ್ಟಿಯಲ್ಲಿ ಉಳಿದಿದ್ದವು, ಏಕೆಂದರೆ ಅವನ್ನು ಸೀಳು ತೆರೆದಿದ್ದಾಗಲೇ ನೋಡಿ ‘ಏಟು ಬಿದ್ದೈತಿ’ ಎಂದಿದ್ದ.

ಇಷ್ಟೇ ಆಗಿದ್ದರೆ ನೀಲಾಂಬಿಕೆ ಯಂತ್ರವನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವಳು ಹಳೆಯ ಪತ್ರಗಳನ್ನು ಹುಡುಕಿದಳು. ಪರೀಕ್ಷೆ ಶುರುವಾಗುವ ಮುಂಚೆ ಕರಣಿಕನನ್ನು ಸಿದ್ಧಪಡಿಸುವವರು ಅವಳಿಗೊಂದು ಪಟ್ಟಿ ಕಳಿಸಿದ್ದರು. ಬಯಲಿನ ಕೆಲಸಗಾರರು ಬಳಸುವ ಇನ್ನೂರ ಹನ್ನೆರಡು ಮಾತುಗಳು, ಪಕ್ಕದಲ್ಲಿ ಅವುಗಳ ಬರಹರೂಪ. ವಿಷಯತಜ್ಞೆಯಾಗಿ ಪರಿಶೀಲಿಸಿ ಎಂದು ಕೇಳಿದ್ದರು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಅವಳು ಅದನ್ನು ನೋಡಿದ್ದಳು. ಗೇಣು ಎಂದರೆ ಎಷ್ಟು ಸೆಂಟಿಮೀಟರ್ ಎಂಬುದನ್ನು ತಿದ್ದಿದ್ದಳು. ಕಚ್ಚು, ಬಿರುಕು ಇವೆರಡರ ವ್ಯತ್ಯಾಸ ಬರೆದಿದ್ದಳು. ನೂರರ ಆಚೆಗೆ ರೈಲು ಬಂದಿತ್ತು. ಉಳಿದದ್ದಕ್ಕೆಲ್ಲ ಸೇರಿಸಿ ‘ಸರಿಯಿದೆ’ ಎಂದು ಒತ್ತಿದ್ದಳು. ನೂರಾ ಮೂವತ್ತೇಳನೆಯ ಸಾಲು: ಮಾಯ್ದೈತಿ — ಮಾಯವಾಗಿದೆ.

ಅಪಘಾತವಾಗಿ ಆರು ವಾರಕ್ಕೆ ವಿಚಾರಣೆ ಶುರುವಾಯಿತು. ಹುಸೇನಸಾಬ್ ಹೇಳಿದ ಧ್ವನಿ ಅಷ್ಟರೊಳಗೆ ಅಳಿದುಹೋಗಿತ್ತು. ಮಂಡಳಿಯಲ್ಲಿ ಮೂವರು. ಅವರಲ್ಲಿ ಇಬ್ಬರಿಗೆ ಕನ್ನಡ ಬಾರದು, ಕರಣಿಕ ಬರೆದು ಅನುವಾದಿಸಿ ಕೊಟ್ಟದ್ದೇ ಅವರ ಮುಂದಿನ ಸಾಕ್ಷ್ಯ. ನೀಲಾಂಬಿಕೆ ಮೊದಲು ಲೋಹದ ಗೆರೆಗಳ ಚಿತ್ರ ತೋರಿಸಿದಳು. ಏಟು ಇಪ್ಪತ್ತೇಳನೆಯ ತಾಸಿನಲ್ಲೇ ಇತ್ತು ಎಂಬುದು ಯಾರೂ ಅಲ್ಲಗಳೆಯಲಾಗದಂತೆ ಸಾಬೀತಾಯಿತು. ಕಂಪನಿಯ ವಕೀಲರು ಎದ್ದುನಿಂತು ಅವಳಿಗೆ ಧನ್ಯವಾದ ಹೇಳಿದರು. ಏಟು ಅಲ್ಲಿತ್ತು ಎಂದು ತಜ್ಞೆಯೇ ಸಾಧಿಸಿದ್ದಾರೆ. ಪರೀಕ್ಷಕ ಅದೇ ದಿನ ಅದೇ ಜಾಗ ನೋಡಿ ಇಲ್ಲ ಎಂದಿದ್ದಾನೆ. ಇನ್ನೇನು ಬೇಕು?

ಹುಸೇನಸಾಬನನ್ನು ಉಳಿಸಲೆಂದು ಅವಳು ತಂದ ಚಿತ್ರ ಅವನ ಕುತ್ತಿಗೆಗೇ ಬಂದಿತ್ತು. ಆಗ ಅವಳು ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು, ಮಾತಿನಲ್ಲೇ ಎಲ್ಲವನ್ನೂ ಹೇಳಿದಳು. ಪಟ್ಟಿಯನ್ನು, ರೈಲನ್ನು, ತಾನು ಒತ್ತಿದ್ದನ್ನು, ಮೂವತ್ತನೆಯ ತಾಸಿನ ಫೋನನ್ನು. ಕೊನೆಗೆ ಹೇಳಿದಳು: “ಹುಸೇನಸಾಬರು ಸರಿಯಾಗಿಯೇ ಹೇಳಿದ್ದರು. ಏಟು ಮಾಯ್ದಿತ್ತು, ಮಾಯವಾಗಿರಲಿಲ್ಲ. ತಪ್ಪು ನನ್ನದು.”

ಹಿಂದಿನ ಸಾಲಿನಲ್ಲಿ ಕೂತಿದ್ದ ಹುಸೇನಸಾಬ್ ತಲೆ ಎತ್ತಿ ನೋಡಿದ.

ಮರುದಿನ ಹೇಳಿಕೆಯ ಪ್ರತಿ ಬಂತು. ಸಭೆಯಲ್ಲಿದ್ದ ಕರಣಿಕನೂ ಅದೇ ಪಟ್ಟಿಯಿಂದ ಕಲಿತದ್ದು. ಅದು ಬರೆದಿತ್ತು: ‘ಏಟು ಮಾಯವಾಗಿತ್ತು, ಮಾಯವಾಗಿರಲಿಲ್ಲ.’

ನೀಲಾಂಬಿಕೆ ತಿದ್ದುಪಡಿ ಬರೆದುಕೊಟ್ಟಳು. ಅದನ್ನು ಸ್ವೀಕರಿಸಿ ಅನುಬಂಧ ಒಂಬತ್ತಕ್ಕೆ ಸೇರಿಸಿದರು. ಅಂತಿಮ ವರದಿಯಲ್ಲಿ ಅವಳ ಬಗ್ಗೆ ಒಂದು ಸಾಲಿತ್ತು: ಸಾಕ್ಷಿ ತೀವ್ರ ದುಃಖದಲ್ಲಿದ್ದು, ಅವರ ಹೇಳಿಕೆ ಸ್ವವಿರೋಧದಿಂದ ಕೂಡಿರುವುದರಿಂದ ಅದನ್ನು ಪರಿಗಣಿಸಿಲ್ಲ. ಹುಸೇನಸಾಬನ ಬಗ್ಗೆ ಎರಡು ಸಾಲು: ಪರಿಶೀಲನೆಯಲ್ಲಿ ನಿರ್ಲಕ್ಷ್ಯ, ಪರವಾನಗಿ ರದ್ದು. ಲೇಪದ ಬಗ್ಗೆ ಒಂದಿಡೀ ಅಧ್ಯಾಯ. ಮೂರು ದಿನ ಬಯಲಿನಲ್ಲಿ ಬಿದ್ದಿದ್ದರೂ ಅದರ ಗುಣ ಕೆಟ್ಟಿರಲಿಲ್ಲ ಎಂಬುದನ್ನು ವಿಶೇಷವಾಗಿ ಮೆಚ್ಚಲಾಗಿತ್ತು. ಸಮಿತಿ ಒಪ್ಪಿಗೆ ಕೊಟ್ಟಿತು. ಅವಳು ರಾಜೀನಾಮೆ ಕೊಟ್ಟಳು. ಅದರಿಂದ ಒಪ್ಪಿಗೆಗೆ ಏನೂ ಆಗಲಿಲ್ಲ.

ಮುಂದಿನ ವರ್ಷ ಸಂಡೂರಿಗೆ ಹೋಗುವ ಬಸ್ಸು ಸೇತುವೆಯೊಂದನ್ನು ದಾಟುವಾಗ ನೀಲಾಂಬಿಕೆ ಕಿಟಕಿಯಿಂದ ಇಣುಕಿ ನೋಡಿದಳು. ಅವಳಷ್ಟೇ ವಯಸ್ಸಿನ ಸೇತುವೆ. ಕಂಬಗಳ ಮೇಲೆ ಒಂದೂ ಬಿರುಕಿಲ್ಲ, ಒಂದೂ ಕಲೆಯಿಲ್ಲ. ನಿನ್ನೆ ಕಟ್ಟಿದಂತೆ ಹೊಳೆಯುತ್ತಿತ್ತು. ಹೆಪ್ಪು ಅಷ್ಟರೊಳಗೆ ಸೇತುವೆಗೂ, ಲಿಫ್ಟಿನ ಹಗ್ಗಕ್ಕೂ, ಶಾಲೆಯ ಬಸ್ಸುಗಳ ಅಚ್ಚಿಗೂ ಬಂದಿತ್ತು. ಒಳಗೆ ಏನಿದೆ ಎಂದು ಹೇಳಲು ಅದನ್ನು ಕಂಡುಹಿಡಿದ ಅವಳಿಂದಲೂ ಸಾಧ್ಯವಿರಲಿಲ್ಲ. ಅವಳಿಗೆ ಓದುವ ದಿನಗಳ ಒಂದು ಸಂಗತಿ ನೆನಪಾಯಿತು. ಇಪ್ಪತ್ತರ ದಶಕದ ಮಾತು. ಹಾಸ್ಟೆಲ್ ಮುಂದಿನ ಬೀದಿದೀಪ ಕೆಟ್ಟಿದೆ ಎಂದು ಹುಡುಗಿಯರೆಲ್ಲ ಸೇರಿ ಮೊಬೈಲಿನಲ್ಲಿ ದೂರು ಕೊಟ್ಟಿದ್ದರು. ಎರಡನೆಯ ದಿನವೇ ಉತ್ತರ ಬಂದಿತ್ತು: ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ. ಆ ಉತ್ತರವನ್ನು ಕತ್ತಲಲ್ಲೇ ನಿಂತು ಓದಿ ಎಲ್ಲರೂ ನಕ್ಕಿದ್ದರು. ನಕ್ಕು ಸುಮ್ಮನಾಗಿದ್ದರು. ಮತ್ತೆ ದೂರು ಕೊಟ್ಟ ನೆನಪು ಅವಳಿಗಿಲ್ಲ.

ಹುಸೇನಸಾಬ್ ಮನೆಯ ಮುಂದಿನ ಕಟ್ಟೆಯ ಮೇಲೆ ಗಾದಿ ತುಂಬುತ್ತಿದ್ದ. ಬರ್ರಿ ಎಂದು ಜಾಗ ಬಿಟ್ಟು, ಒಳಗಿನಿಂದ ಚಹಾ ತರಿಸಿದ. ತಾರಾಳ ತಾಯಿ ತೀರಿಕೊಂಡ ಸುದ್ದಿ ಹೇಳಿದ. ಪಟ್ಟಿಯ ವಿಷಯವನ್ನು ಅವಳು ಮತ್ತೆ ಎತ್ತಿದಾಗ, ಆತು ಬಿಡ್ರಿ, ನಾನೂ ಕನ್ನಡಕ ಹಾಕ್ಕೊಂಡು ಒಂದ್ಸಲ ನೋಡಬೇಕಿತ್ತು ಎಂದ. ಅದು ಕ್ಷಮಿಸಿದ ಮಾತೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಅವಳು ಅಂತಿಮ ವರದಿಯ ಅಚ್ಚಾದ ಪ್ರತಿಯೊಂದನ್ನು ಅವನಿಗೆಂದು ತಂದಿದ್ದಳು. ನಾನೂರು ಪುಟ, ದಪ್ಪ ರಟ್ಟು. ಅನುಬಂಧ ಒಂಬತ್ತು ಇರುವಲ್ಲಿ ಗುರುತಿಗೆ ಒಂದು ಚೀಟಿ ಇಟ್ಟಿದ್ದಳು. ಅವನು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಪುಟ ತಿರುವಿದ. ತನ್ನ ಹೆಸರಿದ್ದ ಎರಡು ಸಾಲನ್ನು ಬೆರಳಿಟ್ಟು ಓದಿದ. ಆಮೇಲೆ ಅವಳ ಹೆಸರಿದ್ದ ಸಾಲನ್ನು. ವರದಿ ಮುಚ್ಚಿದ. ಗಾದಿಯ ಬಾಯಿಂದ ಹತ್ತಿಯ ಎಸಳೊಂದನ್ನು ಕಿತ್ತು, ಕತ್ತರಿಸಿದ ಪುಟಗಳ ಅಂಚಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ, ಉಸಿರು ಬಿಗಿಹಿಡಿದು, ಎಳೆದ.

“ಎಲ್ಲೂ ಹಿಡಿಯಾಂಗಿಲ್ಲರಿ ಮೇಡಮ್ಮೋರ,” ಎಂದ. “ಭಾಳ ಚಂದ ಮಾಯ್ದೈತಿ.”